ಅಂಗೈ ಅಳತೆಯ ಇಟ್ಟಿಗೆ

ಪಂಢರಪುರದ ವಿಠ್ಠಲ ನಿಂತಿರುವುದು ಒಂದು ಇಟ್ಟಿಗೆಯ ಮೇಲೆ. ತಂದೆತಾಯಿಯರ ಸೇವೆಯಲ್ಲಿ ತೊಡಗಿದ್ದ ಪುಂಡಲೀಕ, ಬಾಗಿಲಿಗೆ ಬಂದ ದೇವರನ್ನು ಎದ್ದು ಬಂದು ಉಪಚರಿಸಲಾರದೆ, ಕೈಗೆ ಸಿಕ್ಕ ಇಟ್ಟಿಗೆಯೊಂದನ್ನು ಎಸೆದು ಅದರ ಮೇಲೆ ನಿಂತಿರುವಂತೆ ಹೇಳಿದನಂತೆ. ಸ್ಥಳಪುರಾಣದ ಈ ಕಥೆಯಲ್ಲಿ ಒಂದು ಲೌಕಿಕ ಸತ್ಯವೂ ಇದೆ. ಕಲ್ಲುಚಪ್ಪಡಿಯನ್ನಾಗಲಿ ಮರದ ತೊಲೆಯನ್ನಾಗಲಿ ಕುಳಿತಲ್ಲಿಂದಲೇ ಎತ್ತಿ ಎಸೆಯುವುದು ಸಾಧ್ಯವಿಲ್ಲ. ಇಟ್ಟಿಗೆಯೊಂದೇ ಅಷ್ಟು ಸಲೀಸಾಗಿ ಕೈಗೆ ಒಗ್ಗುವ ವಸ್ತು.

ಈ ಗುಣ ಆಕಸ್ಮಿಕವಲ್ಲ. ಗಾರೆ ಕೆಲಸದವನ ಬಲಗೈಯಲ್ಲಿ ಕರಣೆ ಇರುತ್ತದೆ. ಎಡಗೈಗೆ ಉಳಿಯುವುದು ಇಟ್ಟಿಗೆ. ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ನಡುವೆ ಹಿಡಿಯುವಷ್ಟೇ ಅದರ ಅಗಲವಿರಬೇಕು. ಭಾರತೀಯ ಮಾನಕದ ಇಟ್ಟಿಗೆ 19 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ. ಗಾರೆ ಸೇರಿದರೆ 20 ಮತ್ತು 10. ಅಂದರೆ ಎರಡು ಅಗಲ ಸೇರಿದರೆ ಒಂದು ಉದ್ದ. ಈ ಸರಳ ಲೆಕ್ಕವಿರುವುದರಿಂದಲೇ ಒಂದು ಇಟ್ಟಿಗೆಯನ್ನು ಉದ್ದಕ್ಕೂ ಇನ್ನೊಂದನ್ನು ಅಡ್ಡಕ್ಕೂ ಇಟ್ಟು, ಮೇಲಿನ ಸಾಲಿನ ಸಂದು ಕೆಳಗಿನ ಸಂದಿನ ಮೇಲೆ ಬೀಳದಂತೆ ಗೋಡೆಯನ್ನು ಹೆಣೆಯಬಹುದು. ಸಂಸ್ಕೃತದ 'ಇಷ್ಟಕಾ' ಪ್ರಾಕೃತದ ಮೂಲಕ ಹಾದು ಕನ್ನಡದ 'ಇಟ್ಟಿಗೆ'ಯಾಯಿತು. ವೇದಕಾಲದ ಅಗ್ನಿಚಯನದಲ್ಲಿ ಹಕ್ಕಿಯಾಕಾರದ ಯಜ್ಞವೇದಿಯನ್ನು ಪದರಕ್ಕೆ 200ರಂತೆ ಐದು ಪದರಗಳಲ್ಲಿ 1000 ಇಟ್ಟಿಗೆಗಳಿಂದ ಕಟ್ಟುವಾಗಲೂ ಸಂದಿನ ಮೇಲೆ ಸಂದು ಬರಬಾರದೆಂಬ ನಿಯಮವೇ ಇತ್ತು. ಶುಲ್ಬಸೂತ್ರಗಳ ಜ್ಯಾಮಿತಿಗೆ ಇಂಥ ಲೆಕ್ಕಗಳೇ ಆಧಾರ.

ಆದರೆ ಇಟ್ಟಿಗೆಯ ಲೆಕ್ಕ ಅದಕ್ಕೂ ಹಳೆಯದು. ಕ್ರಿ.ಪೂ. 2600ರಿಂದ 1900ರವರೆಗೆ ಉಚ್ಛ್ರಾಯದಲ್ಲಿದ್ದ ಸಿಂಧೂ ನಾಗರಿಕತೆಯ ನಗರಗಳಲ್ಲಿ ಇಟ್ಟಿಗೆಯ ದಪ್ಪ, ಅಗಲ, ಉದ್ದಗಳು 1:2:4ರ ಪ್ರಮಾಣದಲ್ಲಿವೆ. ಮನೆಗಳಿಗೆ ಸಾಮಾನ್ಯವಾಗಿ 7, 14, 28 ಸೆಂ.ಮೀ.; ಕೋಟೆಗೋಡೆಗೆ 10, 20, 40. ನೂರಾರು ಮೈಲಿ ದೂರದ ಊರುಗಳಲ್ಲೂ ಇದೇ ಪ್ರಮಾಣ. ಅವರ ಲಿಪಿಯನ್ನು ಓದುವುದು ಇನ್ನೂ ಸಾಧ್ಯವಾಗಿಲ್ಲ. ಇಟ್ಟಿಗೆಯನ್ನು ಮಾತ್ರ ಯಾವ ಮೇಸ್ತ್ರಿಯಾದರೂ ಓದಬಲ್ಲ.

ಅಷ್ಟು ಚೆನ್ನಾಗಿ ಬೆಂದ ಇಟ್ಟಿಗೆಯೇ ಹರಪ್ಪಾಕ್ಕೆ ಮುಳುವಾಯಿತು. 19ನೇ ಶತಮಾನದ ಮಧ್ಯಭಾಗದಲ್ಲಿ ಲಾಹೋರ್–ಮುಲ್ತಾನ್ ರೈಲು ಮಾರ್ಗ ಹಾಕುತ್ತಿದ್ದಾಗ ಹಳಿಗಳ ಕೆಳಗೆ ಹಾಸಲು ಜಲ್ಲಿ ಬೇಕಾಯಿತು. ಪಂಜಾಬಿನ ಮೆಕ್ಕಲು ಬಯಲಿನಲ್ಲಿ ಕಲ್ಲು ಎಲ್ಲಿಯದು? ಸಾವಿರಾರು ವರ್ಷ ಹಿಂದೆ ಅಲ್ಲಿನವರು ಮಣ್ಣನ್ನು ಸುಟ್ಟು ಇಟ್ಟಿಗೆ ಮಾಡಿದ್ದೂ ಅದೇ ಕೊರತೆಯಿಂದ. ಗುತ್ತಿಗೆದಾರರ ಕಣ್ಣು ಹರಪ್ಪಾದ ದಿಬ್ಬಗಳ ಮೇಲೆ ಬಿತ್ತು. ಅಲ್ಲಿನ ಗೋಡೆಗಳನ್ನು ಹೆಚ್ಚಾಗಿ ಮಣ್ಣಿನ ಗಾರೆಯಲ್ಲಿ ಕಟ್ಟಿದ್ದರಿಂದ ಇಟ್ಟಿಗೆಗಳು ಇಡಿಯಾಗಿಯೇ ಕೈಗೆ ಬರುತ್ತಿದ್ದವು. 1853 ಮತ್ತು 1856ರಲ್ಲಿ ಅಲ್ಲಿಗೆ ಹೋಗಿದ್ದ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಂ, 1872–73ರಲ್ಲಿ ಉತ್ಖನನಕ್ಕೆ ಮರಳಿದಾಗ ಮೊದಲು ಕಂಡಿದ್ದ ಗೋಡೆಗಳು ಬಹುಪಾಲು ಮಾಯವಾಗಿದ್ದವು. ಸುಮಾರು 100 ಮೈಲಿ ಹಳಿಗೆ ಸಾಲುವಷ್ಟು ಇಟ್ಟಿಗೆ ಅಲ್ಲಿಂದ ಹೋಗಿದೆ ಎಂದು ಅವರು ವರದಿಯಲ್ಲಿ ಬರೆದರು. ವಿಪರ್ಯಾಸವೆಂದರೆ, ಆ ನಗರ ಎಷ್ಟು ಹಳೆಯದೆಂಬುದು ಅವರಿಗೂ ಹೊಳೆಯಲಿಲ್ಲ. ಅಲ್ಲಿ ಸಿಕ್ಕ ಮುದ್ರೆಯೊಂದನ್ನು ಹೊರನಾಡಿನದೆಂದು ಬಗೆದರು. ಸಿಂಧೂ ನಾಗರಿಕತೆಯ ಸುದ್ದಿಯನ್ನು ಜಾನ್ ಮಾರ್ಷಲ್ ಜಗತ್ತಿಗೆ ಸಾರಿದ್ದು 1924ರಲ್ಲಿ. ಅಷ್ಟು ಹೊತ್ತಿಗೆ ಹರಪ್ಪಾದ ಮೇಲ್ಪದರಗಳ ಮೇಲೆ ರೈಲು ಓಡಲು ತೊಡಗಿ ಅರ್ಧ ಶತಮಾನವೇ ಕಳೆದಿತ್ತು. ಇಂದು ಮೊಹೆಂಜೊದಾರೋದಲ್ಲಿ ಬೀದಿ, ಬಾವಿ, ಮಹಾಸ್ನಾನಗೃಹಗಳು ಕಾಣುವಂತೆ ಹರಪ್ಪಾದಲ್ಲಿ ಕಾಣದಿರುವುದಕ್ಕೆ ಕಾರಣ ಇದೇ.

ರೈಲು ಮತ್ತು ಇಟ್ಟಿಗೆಯ ನಂಟು ಅಲ್ಲಿಗೇ ಮುಗಿಯಲಿಲ್ಲ. ಸೇತುವೆ, ನಿಲ್ದಾಣ, ವಸತಿಗೃಹಗಳಿಗೆ ಲಕ್ಷಗಟ್ಟಲೆ ಹೊಸ ಇಟ್ಟಿಗೆ ಬೇಕಾಯಿತು. 1876ರಲ್ಲಿ ಬುಲ್ ಎಂಬ ಇಂಗ್ಲಿಷ್ ಎಂಜಿನಿಯರ್ ರೂಪಿಸಿದ ಕಂದಕದ ಗೂಡಿನಲ್ಲಿ ಇಟ್ಟಿಗೆ ಇದ್ದಲ್ಲೇ ಇರುತ್ತದೆ, ಬೆಂಕಿ ಸುತ್ತು ಹಾಕುತ್ತದೆ. ಉತ್ತರ ಭಾರತದ ಬಯಲಿನಲ್ಲಿ ಈ ಗೂಡುಗಳು ಇನ್ನೂ ಹೊಗೆಯಾಡುತ್ತಿವೆ. ನಮ್ಮಲ್ಲಿ ಮಾಲೂರು ಇಟ್ಟಿಗೆ, ಹೆಂಚುಗಳಿಗೆ ಹೆಸರಾದ ಊರು. ಎಲ್ಲೇ ಆಗಲಿ, ಗದ್ದೆಯ ಫಲವತ್ತಾದ ಮೇಲ್ಮಣ್ಣೂ ಮುಂಗಡ ಸಾಲಕ್ಕೆ ಸಿಲುಕಿದ ವಲಸೆ ಕುಟುಂಬಗಳ ದುಡಿಮೆಯೂ ಈ ಉದ್ಯಮಕ್ಕೆ ತೆತ್ತ ಬೆಲೆ. ಹಸಿ ಇಟ್ಟಿಗೆಯನ್ನು ಮಗುಚಿ ಒಣಗಿಸುವ ಕೆಲಸ ಹಲವೆಡೆ ಮಕ್ಕಳ ಪಾಲಿಗೆ ಬಂದದ್ದು ಅದು ಅವರ ಕೈಗೂ ಒಗ್ಗುತ್ತದೆಂಬ ಕಾರಣಕ್ಕೇ.

ಹೊಟ್ಟೆಪಾಡಿಗಲ್ಲದೆ ಖುಷಿಗಾಗಿ ಇಟ್ಟಿಗೆ ಹಿಡಿದವರೂ ಇದ್ದಾರೆ. ವಿನ್‌ಸ್ಟನ್ ಚರ್ಚಿಲ್ ಬ್ರಿಟನ್ನಿನ ಹಣಕಾಸು ಸಚಿವರಾಗಿದ್ದಾಗ ಕೆಂಟ್ ಪ್ರಾಂತದ ತಮ್ಮ ಮನೆಯಂಗಳದಲ್ಲಿ ಸ್ವತಃ ಗೋಡೆ ಕಟ್ಟುತ್ತಿದ್ದರು. ದಿನಕ್ಕೆ 200 ಇಟ್ಟಿಗೆ, 2000 ಪದ ಎಂಬುದು 1928ರಲ್ಲಿ ಅವರು ಪ್ರಧಾನಿ ಬಾಲ್ಡ್ವಿನ್‌ಗೆ ಬರೆದ ಲೆಕ್ಕ. ಆ ವರ್ಷ ಗಾರೆ ಕೆಲಸಗಾರರ ಸಂಘಕ್ಕೆ ಸದಸ್ಯರಾಗಲೂ ಹೊರಟರು. ಕಾರ್ಮಿಕರ ಮುಷ್ಕರವನ್ನು ಎದುರಿಸಿ ನಿಂತ ಸಚಿವನಿಗೆ ಸದಸ್ಯತ್ವವೇ ಎಂದು ಕೆಲಸಗಾರರು ಸಿಡಿದೆದ್ದದ್ದು ಸಹಜವೇ.

ಡೆನ್ಮಾರ್ಕಿನ ಲೆಗೊ ಕಂಪನಿ ಇದೇ ಖುಷಿಯನ್ನು ಮಕ್ಕಳ ಕೈಗೆ ಕೊಟ್ಟಿತು. 1958ರಲ್ಲಿ ಪೇಟೆಂಟ್ ಪಡೆದ ಪ್ಲಾಸ್ಟಿಕ್ ಇಟ್ಟಿಗೆಗೆ ಇಂದು ತಯಾರಾದದ್ದೂ ಕೂಡಿಕೊಳ್ಳುತ್ತದೆ. ಎಂಟು ಗುಬುಟುಗಳಿರುವ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91 ಕೋಟಿಗೂ ಹೆಚ್ಚು ಬಗೆಗಳಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಎಣಿಸಿದ್ದಾರೆ. ಅದಕ್ಕೆ ಗಾರೆ ಬೇಡ. ಕಟ್ಟಿದ್ದನ್ನು ಬಿಡಿಸಿ ಮತ್ತೆ ಕಟ್ಟಬಹುದು.

ನಿಜವಾದ ಇಟ್ಟಿಗೆಗೂ ಒಂದು ಕಾಲದಲ್ಲಿ ಈ ಮರುಹುಟ್ಟು ಇತ್ತು. 1945ರಲ್ಲಿ ಭಾರತಕ್ಕೆ ಬಂದು, ಮುಂದೆ ತಿರುವನಂತಪುರದಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ವಾಸ್ತುಶಿಲ್ಪಿ ಲಾರಿ ಬೇಕರ್ ಹಳೆಯ ಮನೆಗಳ ಸಾಮಗ್ರಿಯನ್ನು ಸಂತೋಷದಿಂದ ಮರುಬಳಸುತ್ತಿದ್ದರು. ಇಟ್ಟಿಗೆಯನ್ನು ಮಗ್ಗುಲಿಗೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು, ಸುಮಾರು ಕಾಲುಭಾಗ ಇಟ್ಟಿಗೆ ಉಳಿಸುವ ಗೋಡೆಯನ್ನು ಅವರು ಜನಪ್ರಿಯಗೊಳಿಸಿದರು. ಗಿಲಾವು ಮಾಡಿ ಇಟ್ಟಿಗೆಯ ಮುಖ ಮುಚ್ಚಲು ಅವರಿಗೆ ಮನಸ್ಸಿರಲಿಲ್ಲ. ಸುಣ್ಣದ ಗಾರೆಯೂ ಅವರಿಗೆ ಪ್ರಿಯವಾಗಿತ್ತು. ಅದರಲ್ಲಿ ಕಟ್ಟಿದ ಗೋಡೆಯನ್ನು ಬಿಚ್ಚಿದರೆ ಇಟ್ಟಿಗೆ ಇಡಿಯಾಗಿ ಸಿಗುತ್ತದೆ. ಗಟ್ಟಿ ಸಿಮೆಂಟಿನಲ್ಲಿ ಕಟ್ಟಿದ್ದನ್ನು ಕೆಡವುವಾಗ ಗಾರೆಗಿಂತ ಮೊದಲು ಇಟ್ಟಿಗೆಯೇ ಒಡೆಯುತ್ತದೆ. ಬೆಂಗಳೂರಿನಂಥ ಊರಿನಲ್ಲಿ ಮನೆಗಳು ಉರುಳಿದಾಗ ಲಾರಿಗೆ ತುಂಬುವುದು ಬಹುಮಟ್ಟಿಗೆ ಈ ಚೂರುಗಳೇ. ಅವು ತಗ್ಗು ಮುಚ್ಚಲು ಹೋಗುತ್ತವೆ.