ಬಾವಿಗಿಳಿದ ತೊಗಲ ಚೀಲ

ಒಂದು ಗಾಲಿ, ಒಂದು ಉರುಳೆ, ಎರಡು ಹಗ್ಗ, ಒಂದು ಜೊತೆ ಎತ್ತು, ಒಂದು ತೊಗಲ ಚೀಲ. ಬಾವಿಯಿಂದ ನೀರೆತ್ತುವ ಕಪಿಲೆ ಎಂದರೆ ಇಷ್ಟೆ. ಹೊಗಳುವವರೆಲ್ಲ ಎತ್ತನ್ನು ಹೊಗಳುತ್ತಾರೆ, ಇಲ್ಲವೇ ಕಪಿಲೆ ಹೊಡೆಯುವವನ ಪದಗಳನ್ನು. ನಾನು ಚೀಲದ ಕಡೆಯವನು. ಶಿರಾ ಸೀಮೆಯಲ್ಲಿ ನಮ್ಮ ತಾತ ಅದನ್ನು ಹೊಲೆಯುತ್ತಿದ್ದರು.

ಈ ಚೀಲಕ್ಕೆ ಎರಡು ಬಾಯಿ. ಮೇಲಿನದು ಅಗಲ, ಕಬ್ಬಿಣದ ಬಳೆ ಕಟ್ಟಿದ್ದು. ಕೆಳಗಿನದು ಸೊಂಡಿಲಿನ ಹಾಗೆ ಸಣ್ಣಗಾಗುತ್ತಾ ಇಳಿದು ತುದಿಯಲ್ಲಿ ತೆರೆದೇ ಇರುತ್ತದೆ. ಹಾಗಾದರೆ ನೀರು ಯಾಕೆ ಸೋರುವುದಿಲ್ಲ? ದಪ್ಪ ಹಗ್ಗ ಎತ್ತರದ ಗಾಲಿ ಹಾಯ್ದು ಚೀಲದ ಬಾಯಿಯನ್ನು ಹಿಡಿದಿರುತ್ತದೆ; ಸಣ್ಣ ಹಗ್ಗ ಬಾವಿಯಂಚಿನ ಉರುಳೆ ಹಾಯ್ದು ಸೊಂಡಿಲಿನ ತುದಿಯನ್ನು. ಎರಡೂ ಒಂದೇ ನೊಗಕ್ಕೆ. ಮೇಲೇರುವಷ್ಟು ಹೊತ್ತೂ ಸೊಂಡಿಲು ಮಡಿಚಿಕೊಂಡು ಬಾಯಿಯ ಮಟ್ಟಕ್ಕೇ ನಿಂತಿರುತ್ತದೆ. ಅಂಚಿಗೆ ಬಂದ ಕೂಡಲೇ ಸಣ್ಣ ಹಗ್ಗ ಅದನ್ನು ಉರುಳೆಯಾಚೆ ತೊಟ್ಟಿಗೆ ಎಳೆಯುತ್ತದೆ, ದಪ್ಪ ಹಗ್ಗ ಚೀಲವನ್ನು ಇನ್ನೂ ಮೇಲೆತ್ತುತ್ತದೆ, ನೀರು ತಾನಾಗಿ ಸುರಿಯುತ್ತದೆ. ಬಗ್ಗಿಸಲು ಬೇರೆ ಆಳು ಬೇಡ. ಎತ್ತು ಹೊಡೆಯುವವನು ಇಳಿಜಾರಿನಲ್ಲಿ ಹಗ್ಗದ ಮೇಲೆ ಕೂತು ತನ್ನ ಭಾರವನ್ನೂ ಸೇರಿಸುತ್ತಿದ್ದ. ಚೀಲದ ಗಾತ್ರ ನೋಡಿಕೊಂಡು ಒಂದೆಳೆತಕ್ಕೆ 100ರಿಂದ 200 ಲೀಟರ್ ನೀರು.

ತೊಗಲನ್ನು ಸುಣ್ಣದಲ್ಲಿ ನೆನೆಹಾಕಿ, ಕೂದಲು ತೆಗೆದು, ತಂಗಡಿ ತೊಗಟೆಯ ರಸದಲ್ಲಿ ಹದ ಮಾಡುತ್ತಿದ್ದರು. ಹೊಲಿಗೆಗೂ ತೊಗಲಿನದೇ ಬಾರು. ಆರೆಯಿಂದ ಬಿಗಿಯಾಗಿ ತೂತು ಮಾಡಿದರೆ ನೀರು ತಾಕಿದ ತೊಗಲು ಉಬ್ಬಿ, ಹೊಲಿಗೆಯನ್ನು ತಾನೇ ಮುಚ್ಚಿಕೊಳ್ಳುತ್ತದೆ. "ತೂತು ದೊಡ್ಡದು ಮಾಡಬ್ಯಾಡ ಕಣ್ಲಾ, ಗೌಡ್ರು ಬೈಯಾಕ್ ಮುಂಚೆ ನೀರೇ ಬೈತದೆ" ಎನ್ನುತ್ತಿದ್ದರಂತೆ ತಾತ ನಮ್ಮಪ್ಪನಿಗೆ. ಬಾವಿ ಬತ್ತಿ ಕಪಿಲೆ ನಿಂತ ತಿಂಗಳುಗಳಲ್ಲಿ ಚೀಲಕ್ಕೆ ಹೊಂಗೆಣ್ಣೆ ಕುಡಿಸಿ ನೇತುಹಾಕಬೇಕಿತ್ತು, ಇಲ್ಲದಿದ್ದರೆ ಸೆಡೆತು ಬಿರಿಯುತ್ತಿತ್ತು. ಅದರ ಮೇಲೆ ಒಂದು ಗುರುತಿಲ್ಲ, ಚಿತ್ತಾರವಿಲ್ಲ. ಈಗ ಬೆಂಗಳೂರಿನ ಅಂಗಡಿಗಳಲ್ಲಿ ಇಂಥ ಬೋಳುತನಕ್ಕೆ ಮಿನಿಮಲಿಸ್ಟ್ ಡಿಸೈನ್ ಎಂದು ಹೆಸರಿಟ್ಟು ಹೆಚ್ಚು ದುಡ್ಡು ಕೇಳುತ್ತಾರೆ!

ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್‌ನ ಬರಹದಲ್ಲಿ ಕಪಿಲೆಯ ಹೆಸರು ಬರುತ್ತದೆ. ಅದಾಗಿ ನೂರು ವರ್ಷದ ಮೇಲೆ, 1903ರಲ್ಲಿ, ಆಲ್ಫ್ರೆಡ್ ಚಾಟರ್ಟನ್ ಎಂಬ ಎಂಜಿನಿಯರ್ ಮದ್ರಾಸಿನಲ್ಲಿ ಕ್ರೋಮ್ ಹದದ ಪ್ರಯೋಗ ಶುರುಮಾಡಿದ. ನೀರಲ್ಲಿ ಬೇಗ ಕೊಳೆಯದ ಆ ತೊಗಲಿನಿಂದ ಬಾವಿಯ ಚೀಲಗಳನ್ನು ಮಾಡಿಸಿದ. ಬದಲಾದದ್ದು ಹದ ಮಾತ್ರ. ಆಕಾರದಲ್ಲಿ ತಿದ್ದುವಂಥದ್ದು ಅವನಿಗೂ ಸಿಕ್ಕಿರಲಾರದು. ತಮಾಷೆಯೆಂದರೆ ಎಣ್ಣೆ ಎಂಜಿನ್ನಿನಿಂದ ನೀರೆತ್ತುವುದನ್ನು ಊರೂರಿಗೆ ಹಬ್ಬಿಸಲು ಓಡಾಡಿದವನೂ ಅವನೇ. 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾಗಿ ಬಂದ. ಮುಂದೆ ವಿದ್ಯುತ್ ಪಂಪು ಬಂತು, ಕೊಳವೆಬಾವಿ ಬಂತು, ಕಪಿಲೆ ಮುಗಿಯಿತು.

ಕೂಲಿಯ ಮಾತು ಹೇಳಲೇಬೇಕು. ಆಯದ ಲೆಕ್ಕದಲ್ಲಿ ಸುಗ್ಗಿಯ ಕಣದಲ್ಲಿ ಇಷ್ಟು ರಾಗಿ, ಅಷ್ಟೆ. ತೆನೆ ಉದುರಿಸಿದ ಮೇಲೆ ಕೊನೆಗೆ ನಮ್ಮವರ ಸರದಿ. ಮಾದಿಗರ ಕೈಯಲ್ಲಿ ಹೊಲೆದ ಚೀಲ ಗೌಡರ ಬಾವಿಗೆ ದಿನವಿಡೀ ಇಳಿಯಬಹುದಿತ್ತು. ಹೊಲೆದವರು ಅದೇ ಬಾವಿಯ ನೀರು ಮುಟ್ಟುವಂತಿರಲಿಲ್ಲ. ಇದನ್ನು ಬಿಟ್ಟು ಕಪಿಲೆಯ ಕಾಲವನ್ನು ಹಾಡಿ ಕೊಂಡಾಡುವವರ ಜೊತೆ ನನಗೆ ಮಾತಿಲ್ಲ.

ಸೊಂಡಿಲು ಎಷ್ಟುದ್ದ, ಬಳೆ ಎಷ್ಟಗಲ, ಎರಡು ಹಗ್ಗಗಳ ನಡುವೆ ಎಷ್ಟು ಗೇಣು ವ್ಯತ್ಯಾಸ ಬಿಡಬೇಕು ಎಂಬ ಲೆಕ್ಕ ತಾತನ ಕೈಯಲ್ಲಿತ್ತು, ಕಾಗದದಲ್ಲಿರಲಿಲ್ಲ. ನಿಮ್ಮೂರಿನ ಯಾವುದಾದರೂ ಅಟ್ಟದಲ್ಲಿ ಹಳೇ ಚೀಲವಿದ್ದರೆ ಅಳತೆ ತೆಗೆದು ಬರೆದಿಡಿ. ಹೊಲೆದವರ ಹೆಸರು ಹೇಳಬಲ್ಲ ಹಿರಿಯರು ಇನ್ನೂ ಇದ್ದರೆ, ಅಳತೆಗೂ ಮೊದಲು ಆ ಹೆಸರು ಬರೆಯಿರಿ.