ಪರದೆಯ ಹಿಂದಿನ ಪೆಟ್ಟಿಗೆ

1990ರ ದಶಕದಲ್ಲಿ ಟೇಪ್‌ರೆಕಾರ್ಡರ್ ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುತ್ತಿದ್ದುದು ಅದರ ಮೇಲೆ ದಪ್ಪಕ್ಷರದಲ್ಲಿ ಬರೆದ ಪಿಎಂಪಿಓ ವ್ಯಾಟ್‌ಗಳ ಮೇಲೆ. ಕ್ಷಣಮಾತ್ರದ ಗರಿಷ್ಠ ಶಕ್ತಿಯ ಆ ಲೆಕ್ಕಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲೇ ಇರಲಿಲ್ಲ. ದನಿ ಹೇಗಿದೆ ಎಂಬುದನ್ನಂತೂ ಅದು ಹೇಳುತ್ತಿರಲಿಲ್ಲ.

ಕಿವಿಯನ್ನೇ ನಂಬೋಣವೆಂದರೆ ಕಣ್ಣು ಅಡ್ಡ ಬರುತ್ತದೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ವರ್ಷಗಟ್ಟಲೆ ಧ್ವನಿವರ್ಧಕಗಳನ್ನು ಪರೀಕ್ಷಿಸಿದ್ದ ಫ್ಲಾಯ್ಡ್ ಟೂಲ್, ಮುಂದೆ ಅಮೆರಿಕದ ಹರ್ಮನ್ ಕಂಪೆನಿಯಲ್ಲಿ ಶಾನ್ ಆಲಿವ್ ಜತೆಗೂಡಿ ಇದನ್ನು ತೋರಿಸಿಕೊಟ್ಟರು. 1994ರಲ್ಲಿ ಮಂಡಿಸಿದ ಆ ಪ್ರಯೋಗದಲ್ಲಿ 40 ಮಂದಿ 4 ಧ್ವನಿವರ್ಧಕಗಳಿಗೆ ಅಂಕ ಕೊಟ್ಟರು. ಕಣ್ಣಾರೆ ನೋಡುತ್ತ ಒಮ್ಮೆ, ದನಿಗೆ ಅಡ್ಡಿಯಾಗದ ಪರದೆಯ ಮರೆಯಲ್ಲಿಟ್ಟು ಇನ್ನೊಮ್ಮೆ. ಕಂಡಾಗ ದೊಡ್ಡ, ದುಬಾರಿ ಪೆಟ್ಟಿಗೆಗಳಿಗೇ ಮಣೆ; ಪುಟ್ಟ, ಅಗ್ಗದ ಸೆಟ್ಟು ತೀರಾ ಹಿಂದೆ. ಪರದೆ ಅಡ್ಡವಿದ್ದಾಗ ಅಂತರ ಕುಗ್ಗಿ, ಅಗ್ಗದ್ದಕ್ಕೆ ಅಂಕ ಏರಿತು. ಹೀಗೆ ಕಣ್ಣಿಗೆ ಸೋತವರು ದಾರಿಹೋಕರೇನಲ್ಲ, ಧ್ವನಿವರ್ಧಕ ತಯಾರಿಸುವ ಅದೇ ಕಂಪೆನಿಯ ನೌಕರರು!