ಗಂಡುಮಕ್ಕಳು ಉಳಿಯದ ಮನೆ

ನರ್ಸ್ ಪ್ರಾಕ್ಟೀಷನರ್ ವಿದ್ಯಾರ್ಥಿಗಳು ಆನುವಂಶಿಕ ಕಾಯಿಲೆಗಳನ್ನು ಒಂದು ಅಧ್ಯಾಯದಲ್ಲಿ, ರೋಗನಿರೋಧಕ ಶಕ್ತಿಯನ್ನು ಇನ್ನೊಂದರಲ್ಲಿ ಓದುತ್ತಾರೆ. ಚರಿತ್ರೆ ನೋಡಿದರೆ ಇವೆರಡೂ ಜೊತೆಯಲ್ಲೇ ಬೆಳೆದವು. ದೇಹದ ಕಾವಲು ವ್ಯವಸ್ಥೆಯಲ್ಲಿ ಏನೇನಿದೆ ಎಂಬುದು ಬಹುಮಟ್ಟಿಗೆ ತಿಳಿದದ್ದೇ, ಅದರ ಯಾವುದೋ ಒಂದು ಭಾಗ ಇಲ್ಲದೆ ಹುಟ್ಟಿದ ಮಕ್ಕಳಿಂದ.

1952ರಲ್ಲಿ ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ಆಗ್ಡನ್ ಬ್ರೂಟನ್ ಎಂಟು ವರ್ಷದ ಹುಡುಗನೊಬ್ಬನ ವರದಿ ಪ್ರಕಟಿಸಿದರು. ನ್ಯುಮೋಕಾಕಸ್ ಸೋಂಕು ಮತ್ತೆ ಮತ್ತೆ ಅವನ ರಕ್ತಕ್ಕೇರುತ್ತಿತ್ತು. ಎಲೆಕ್ಟ್ರೊಫೊರೆಸಿಸ್‌ನಲ್ಲಿ ಪರೀಕ್ಷಿಸಿದಾಗ ಆಂಟಿಬಾಡಿಗಳ ಗುಂಪಾದ ಗಾಮಾ ಗ್ಲಾಬ್ಯುಲಿನ್ ಇರಬೇಕಾದ ಜಾಗ ಖಾಲಿ. ಇಲ್ಲದ್ದನ್ನು ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚಿ ತುಂಬಿಕೊಟ್ಟರು, ಹುಡುಗ ಚೇತರಿಸಿಕೊಂಡ. ಈ ಕಾಯಿಲೆಗೆ ಇಂದಿಗೂ ಮುಖ್ಯ ಚಿಕಿತ್ಸೆ ಅದೇ. ಇಂಥ ಮಕ್ಕಳು ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಇರುತ್ತಾರೆ. ಮಾಸಿನ (ಪ್ಲಸೆಂಟಾ) ಮೂಲಕ ತಾಯಿಯಿಂದ ಬಂದ ಐಜಿಜಿ ಆಂಟಿಬಾಡಿ ಅವರನ್ನು ಕಾಯುತ್ತದೆ. ಅದು ಕರಗುತ್ತ ಬಂದಂತೆ, ಆರು ತಿಂಗಳ ಆಸುಪಾಸಿನಲ್ಲಿ ಕಿವಿ ಸೋರುವುದು, ನ್ಯುಮೋನಿಯಾ ಶುರು.

ಬ್ರೂಟನ್ನರ ವರದಿಗೂ ಎರಡು ವರ್ಷ ಮೊದಲೇ ಸ್ವಿಟ್ಜರ್ಲೆಂಡಿನ ವೈದ್ಯರು ಲಿಂಫೋಸೈಟುಗಳೇ ಇಲ್ಲದಂತಾಗಿ ಸಾಯುವ ಕೂಸುಗಳನ್ನು ಕಂಡಿದ್ದರು. ಒಬ್ಬರಲ್ಲಿ ಆಂಟಿಬಾಡಿ ಮಾತ್ರ ಇಲ್ಲ, ಇನ್ನೊಬ್ಬರಲ್ಲಿ ಯಾವುದೂ ಇಲ್ಲ, ಇದು ಹೇಗೆ? ಬಿಡಿಸಿದ್ದು ಕೋಳಿ. ಬರ್ಸಾ ಎಂಬ ಅಂಗ ತೆಗೆದ ಕೋಳಿಗಳು ಆಂಟಿಬಾಡಿ ಮಾಡವು ಎಂದು ಬ್ರೂಸ್ ಗ್ಲಿಕ್ ಮತ್ತು ಸಂಗಡಿಗರು 1956ರಲ್ಲಿ ಬರೆದರು. ಬರೆದದ್ದು ಕೋಳಿ ಸಾಕಣೆಯ ಪತ್ರಿಕೆಯಲ್ಲಿ. ವೈದ್ಯರ ಕಣ್ಣಿಗೆ ಬೀಳಲು ತಡವಾದರೆ ಆಶ್ಚರ್ಯವೇನು! 1961ರಲ್ಲಿ ಜಾಕ್ ಮಿಲ್ಲರ್ ಇಲಿಗಳಲ್ಲಿ ಥೈಮಸ್‌ನ ಕೆಲಸ ತೋರಿಸಿದರು. 1965ರಲ್ಲಿ ಮಿನ್ನೆಸೋಟದ ಮ್ಯಾಕ್ಸ್ ಕೂಪರ್, ರಾಬರ್ಟ್ ಗುಡ್ ತಂಡ ಎರಡನ್ನೂ ಕೂಡಿಸಿತು: ಆಂಟಿಬಾಡಿ ಮಾಡುವ ಬಿ ಕೋಶಗಳ ಮತ್ತು ಥೈಮಸ್‌ನಲ್ಲಿ ಬಲಿಯುವ ಟಿ ಕೋಶಗಳ ದಾರಿಗಳೇ ಬೇರೆ. ಬ್ರೂಟನ್ನರ ಹುಡುಗನಲ್ಲಿ ಕೆಟ್ಟದ್ದು ಒಂದು ದಾರಿ, ಸ್ವಿಸ್ ಕೂಸುಗಳಲ್ಲಿ ಎರಡೂ. ಈ ಎರಡನೆಯ ಗುಂಪಿಗೇ ಇಂದು ಎಸ್‌ಸಿಐಡಿ ಎಂಬ ಹೆಸರು.

1968ರಲ್ಲಿ ಗುಡ್ ಅವರ ತಂಡ ಅಂಥ ಕೂಸೊಂದಕ್ಕೆ ಅಕ್ಕನ ಅಸ್ಥಿಮಜ್ಜೆ ಕಸಿ ಮಾಡಿ ಉಳಿಸಿತು. ಅದೇ ಕಾಯಿಲೆಯಿದ್ದ ಟೆಕ್ಸಾಸ್‌ನ ಡೇವಿಡ್ ವೆಟರ್‌ಗೆ ಹೊಂದುವ ದಾನಿ ಸಿಗಲಿಲ್ಲ. ಅವನ ಅಣ್ಣ ಏಳು ತಿಂಗಳ ಕೂಸಾಗಿದ್ದಾಗಲೇ ತೀರಿಕೊಂಡಿದ್ದ. ಆ ಒಂದು ಸಂಗತಿ ಗೊತ್ತಿದ್ದುದರಿಂದಲೇ 1971ರಲ್ಲಿ ಹುಟ್ಟಿದ ಕೂಡಲೇ ಡೇವಿಡ್‌ನನ್ನು ಸೋಂಕು ತಗಲದ ಪ್ಲಾಸ್ಟಿಕ್ ಗೂಡಿಗೆ ಸೇರಿಸಿದರು. ಹನ್ನೆರಡು ವರ್ಷ ಬದುಕಿದ.

ಮುಂದಿನದು ಜೀನ್‌ಗಳ ಕಾಲ. ಬ್ರೂಟನ್ ಕಾಯಿಲೆಯ ಜೀನ್, ಎಕ್ಸ್ ವರ್ಣತಂತುವಿನ ಎಸ್‌ಸಿಐಡಿಯ ಜೀನ್ ಎರಡೂ ಪತ್ತೆಯಾದದ್ದು 1993ರಲ್ಲಿ. 2000ದಲ್ಲಿ ಪ್ಯಾರಿಸ್ಸಿನ ಅಲೆನ್ ಫಿಷರ್ ತಂಡ ಈ ಎಸ್‌ಸಿಐಡಿಯ ಜೀನ್ ಚಿಕಿತ್ಸೆಯಲ್ಲಿ ಗೆದ್ದಿತು, ಕೆಲವು ಮಕ್ಕಳಿಗೆ ಲ್ಯುಕೇಮಿಯಾ ಬಂದಾಗ ಆ ಸಂಭ್ರಮ ಇಳಿಯಿತು. ಇಂಥ ಹುಟ್ಟು ಕೊರತೆಗಳ ಪಟ್ಟಿ ಇಂದು ನಾಲ್ಕು ನೂರನ್ನು ದಾಟಿದೆ. ನನ್ನ ಲೆಕ್ಕದಲ್ಲಿ ಇದೆಲ್ಲಕ್ಕಿಂತ ದೊಡ್ಡ ಹೆಜ್ಜೆ 2008ರಲ್ಲಿ ವಿಸ್ಕಾನ್ಸಿನ್ ರಾಜ್ಯ ಇಟ್ಟದ್ದು: ನವಜಾತ ಶಿಶುವಿನ ಹಿಮ್ಮಡಿಯ ಒಣ ರಕ್ತದ ಚುಕ್ಕೆಯಿಂದಲೇ ಎಸ್‌ಸಿಐಡಿ ತಪಾಸಣೆ. ಸೋಂಕು ತಗಲುವ ಮೊದಲೇ ಕಸಿಯಾದ ಮಕ್ಕಳು ಹೆಚ್ಚು ಉಳಿಯುತ್ತಾರೆ.

ನಮ್ಮಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಆ ತಪಾಸಣೆ ಇಲ್ಲ. ಆದರೆ ಬಿಸಿಜಿ ಮತ್ತು ಪೋಲಿಯೊ ಹನಿಯನ್ನು ಹುಟ್ಟಿದೊಡನೆ ಕೊಡುತ್ತಾರೆ. ಎರಡೂ ಜೀವಂತ ಲಸಿಕೆಗಳು. ಎಸ್‌ಸಿಐಡಿ ಇರುವ ಕೂಸಿನಲ್ಲಿ ಬಿಸಿಜಿ ಮೈಯೆಲ್ಲ ಹರಡಿ ಪ್ರಾಣಕ್ಕೆ ಕುತ್ತಾಗಬಹುದು. ಸೋದರಮಾವನ, ಅತ್ತೆ ಮಗನ ಜೊತೆ ಮದುವೆಯಾಗುವ ರೂಢಿಯಿರುವ ಕಡೆ ಇಂಥ ಕೆಲವು ಕಾಯಿಲೆಗಳ ಸಾಧ್ಯತೆಯೂ ಹೆಚ್ಚು. ಹೀಗಾಗಿ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಲಸಿಕೆ ಚುಚ್ಚುವ ಮುನ್ನ ತಾಯಿಯನ್ನು ಕೇಳಿ: ಹಿಂದಿನ ಮಗು ವರ್ಷದೊಳಗೆ ತೀರಿಕೊಂಡಿತ್ತೇ? ನಿಮ್ಮ ತವರಿನಲ್ಲಿ ಗಂಡುಕೂಸುಗಳು ಹೋದದ್ದುಂಟೇ? (ಎಕ್ಸ್ ವರ್ಣತಂತುವಿನ ಕೊರತೆ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ.) ಹೌದೆಂದರೆ ಈ ಜೀವಂತ ಲಸಿಕೆಗಳನ್ನು ತಡೆದು ವೈದ್ಯರಿಗೆ ತಿಳಿಸಿ, ಸಿಬಿಸಿ ವರದಿಯಲ್ಲಿ ಲಿಂಫೋಸೈಟುಗಳ ಒಟ್ಟು ಎಣಿಕೆ ನೋಡಿ. ಕೂಸಿನಲ್ಲಿ ಅದು ಮೈಕ್ರೋಲೀಟರಿಗೆ 3000ಕ್ಕಿಂತ ಕಡಿಮೆಯಿದ್ದರೆ ಸುಮ್ಮನೆ ಬಿಡಬೇಡಿ.